ಲಿಂಕು ನಮ್ಮದು, ಕಮಿಶನು ಧಣಿಯದು

ದಲ್ಲಾಳಿಯೆಂದರೆ ಯಾರೆಂಬುದನ್ನು ಮಂಗಳೂರಿನವರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಬಂದರಿನ ಮಂಡಿಗಳಲ್ಲಿ ಅಡಿಕೆ, ಕಾಳುಮೆಣಸು, ಒಣಮೀನು, ಅಕ್ಕಿ ಇವುಗಳ ವ್ಯಾಪಾರ ನಡೆದ ಕಾಲದಿಂದಲೂ ನಾವು ಅವನನ್ನು ನೋಡಿದ್ದೇವೆ. ಅವನ ಮೇಲೆ ನಮಗೆ ವಿಶೇಷ ಪ್ರೀತಿಯೇನೂ ಇಲ್ಲ. ಆದರೂ ಒಂದು ಮಾತನ್ನು ಒಪ್ಪಲೇಬೇಕು. ಕೊಡುವವನನ್ನೂ ಕೊಳ್ಳುವವನನ್ನೂ ಆತ ತಾನೇ ನಡೆದು ಹೋಗಿ ಕೂಡಿಸುತ್ತಿದ್ದ, ಬಿಸಿಲಿನಲ್ಲಿ ನಿಲ್ಲುತ್ತಿದ್ದ, ತನ್ನ ದಸ್ತೂರಿ ಇಷ್ಟು ಎಂದು ಬಾಯಿಬಿಟ್ಟು ಹೇಳುತ್ತಿದ್ದ. ಹೆಚ್ಚಾಯಿತೆಂದು ಕಂಡರೆ ಜಗಳವಾಡಬಹುದಾಗಿತ್ತು.

ಈಗ ಬಂದಿರುವ ಹೊಸ ದಲ್ಲಾಳಿ ನಡೆಯುವುದಿಲ್ಲ. ನಡೆಯುವವರು ನಾವು. ಕೊಡುವವನನ್ನೂ ಕೊಳ್ಳುವವನನ್ನೂ ಕೂಡಿಸುವವರೂ ನಾವೇ. ದಸ್ತೂರಿ ಮಾತ್ರ ಅವನ ಕಿಸೆಗೆ. ಇಷ್ಟೆಂದು ಹೇಳುವ ಸೌಜನ್ಯವೂ ಅವನಿಗಿಲ್ಲ. ಅವನ ಅಂಗಡಿಯ ಹೆಸರು ಸಾಮಾಜಿಕ ಜಾಲತಾಣ.

ಇದು ಪಟ್ಟಣದ ಓದಿದವರ ಗೋಳೆಂದು ನಮ್ಮ ಕಾರ್ಮಿಕ ಬಂಧುಗಳು ಪುಟ ತಿರುಗಿಸಬಾರದು. ಬೈಕಂಪಾಡಿಯ ಕಾರ್ಖಾನೆಗೆ ಹೋಗುವವನ ಕೈಯಲ್ಲೂ, ಗೇರುಬೀಜದ ಕಾರ್ಖಾನೆಯಲ್ಲಿ ದುಡಿಯುವವಳ ಮನೆಯಲ್ಲೂ, ರಥಬೀದಿಯ ಚಿಲ್ಲರೆ ವ್ಯಾಪಾರಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೂ ಇಂದು ಫೋನು ಇದೆ. ಆದುದರಿಂದ ಈ ವ್ಯವಹಾರ ನಮ್ಮೆಲ್ಲರದು.

ವ್ಯವಹಾರದ ಒಳಗುಟ್ಟು

ಲಿಂಕೆಂದರೆ ಒಂದು ವಿಳಾಸ. ಅದನ್ನು ಒತ್ತಿದರೆ ಇಂತಹ ಅಂಗಡಿಯ ಇಂತಹ ಸಾಮಾನಿನ ಮುಂದೆ ನಾವು ನಿಲ್ಲುತ್ತೇವೆ. ದೊಡ್ಡ ಅಂಗಡಿಗಳು ಒಂದು ಪದ್ಧತಿಯನ್ನು ಇಟ್ಟುಕೊಂಡಿವೆ: ಯಾರ ವಿಳಾಸದ ಮೂಲಕ ಗಿರಾಕಿ ಬಂದನೋ ಅವರಿಗೆ ಮಾರಾಟದಲ್ಲಿ ಇಷ್ಟು ಪಾಲು. ಅಮೆರಿಕದ ಅಮೆಜಾನ್ ಕಂಪೆನಿ ೧೯೯೬ರಲ್ಲಿಯೇ ಈ ಪದ್ಧತಿಯನ್ನು ಆರಂಭಿಸಿತು. ಗಿರಾಕಿಯನ್ನು ತಂದವರು ಯಾರೆಂದು ಗುರುತಿಸಲು ವಿಳಾಸದ ಬಾಲಕ್ಕೆ ಒಂದು ಗುರುತಿನ ಚೀಟಿಯನ್ನು ಅಂಟಿಸಲಾಗುತ್ತದೆ. ಚೀಟಿಯಲ್ಲಿ ಯಾರ ಹೆಸರಿದೆಯೋ ಅವರಿಗೆ ಹಣ. ಇಷ್ಟರಲ್ಲಿ ಅನ್ಯಾಯವೇನೂ ಇಲ್ಲ, ತಂದವನಿಗೆ ಕೂಲಿ.

ಅನ್ಯಾಯ ಹುಟ್ಟುವುದು ಇನ್ನು ಮುಂದೆ. ಕುದ್ರೋಳಿಯ ಒಬ್ಬ ತಾಯಿ ತಾನು ಕೊಂಡ ಮಿಕ್ಸಿ ಚೆನ್ನಾಗಿದೆಯೆಂದು ಅದರ ಲಿಂಕನ್ನು ಜಾಲತಾಣದಲ್ಲಿ ಹಾಕುತ್ತಾಳೆಂದು ಇಟ್ಟುಕೊಳ್ಳಿ. ಆಕೆಗೆ ಅದರಿಂದ ಒಂದು ಕಾಸೂ ಬೇಕಿಲ್ಲ. ನೆರೆಯವರಿಗೆ ಉಪಕಾರವಾಗಲೆಂಬುದೇ ಉದ್ದೇಶ. ಆಕೆಯ ವಿಳಾಸದ ಬಾಲದಲ್ಲಿ ಯಾವ ಚೀಟಿಯೂ ಇಲ್ಲ. ಈಗ ಜಾಲತಾಣದ ಯಂತ್ರ ನಡುವೆ ಕೈಹಾಕಿ ಆ ವಿಳಾಸಕ್ಕೆ ತನ್ನ ಹೆಸರಿನ ಚೀಟಿಯನ್ನು ಅಂಟಿಸುತ್ತದೆ. ಆಕೆಯ ಮಾತನ್ನು ನಂಬಿ ನೆರೆಯವಳು ಮೂರು ಸಾವಿರ ರೂಪಾಯಿಯ ಮಿಕ್ಸಿಯನ್ನು ಕೊಂಡಳು. ನೂರಕ್ಕೆ ನಾಲ್ಕರಂತೆ ಲೆಕ್ಕ ಹಿಡಿದರೆ ೧೨೦ ರೂಪಾಯಿ ಯಾರಿಗೆ ಹೋಯಿತು? ಮಾತು ಹೇಳಿದವಳಿಗಲ್ಲ, ಕೊಂಡವಳಿಗೂ ಅಲ್ಲ. ಇಬ್ಬರ ಹೆಸರನ್ನೂ ಅರಿಯದ ಕಂಪೆನಿಗೆ.

ಇದು ನಮ್ಮ ಕಲ್ಪನೆಯಲ್ಲ. ೨೦೧೨ರ ಫೆಬ್ರುವರಿಯಲ್ಲಿ ಪಿಂಟರೆಸ್ಟ್ ಎಂಬ ಅಮೆರಿಕದ ಜಾಲತಾಣ ಇದೇ ಕೆಲಸವನ್ನು ಮಾಡುತ್ತಿದ್ದುದು ಬಯಲಾಯಿತು. ಸ್ಕಿಮ್‌ಲಿಂಕ್ಸ್ ಎಂಬ ಇನ್ನೊಂದು ಕಂಪೆನಿಯ ಯಂತ್ರದಿಂದ ಅದು ಜನರು ಹಾಕಿದ ಲಿಂಕುಗಳಿಗೆ ತನ್ನ ಚೀಟಿಯನ್ನು ಅಂಟಿಸುತ್ತಿತ್ತು, ಹಾಕಿದವರಿಗೆ ಹೇಳಿರಲಿಲ್ಲ. ಗದ್ದಲವೆದ್ದಾಗ ಅದು ಕೇವಲ ಪರೀಕ್ಷೆಯಾಗಿತ್ತೆಂದು ಹೇಳಿ ನಿಲ್ಲಿಸಿತು. ಮೂರು ವರ್ಷ ಕಳೆಯಿತು. ೨೦೧೫ರ ಫೆಬ್ರುವರಿಯಲ್ಲಿ ಅದೇ ಜಾಲತಾಣ, ಜನರು ತಮ್ಮ ಸ್ವಂತ ಹೆಸರಿನ ಕಮಿಶನ್ ಚೀಟಿಯುಳ್ಳ ಲಿಂಕುಗಳನ್ನು ಹಾಕಬಾರದೆಂದು ನಿಷೇಧಿಸಿ ಅವನ್ನು ಕಿತ್ತುಹಾಕಿತು! ಧಣಿ ಮಾಡಿದರೆ ಪರೀಕ್ಷೆ, ಜನ ಮಾಡಿದರೆ ಅಪರಾಧ. ಮರುವರ್ಷ ಆ ನಿಷೇಧವನ್ನು ಸಡಿಲಿಸಿದರೆಂಬುದು ನಿಜ. ಆದರೆ ಯಾರ ಮರ್ಜಿಯಿಂದ ನಿಷೇಧ ಬಂತೋ ಅವರ ಮರ್ಜಿಯಿಂದಲೇ ಹೋಯಿತು. ನಡುವೆ ಜನರನ್ನು ಯಾರೂ ಕೇಳಲಿಲ್ಲ.

೨೦೧೬ರಲ್ಲಿ ರೆಡಿಟ್ ಎಂಬ ಇನ್ನೊಂದು ತಾಣವು ವಿಗ್‌ಲಿಂಕ್ ಎಂಬ ಕಂಪೆನಿಯ ಮೂಲಕ ಇದನ್ನೇ ಆರಂಭಿಸುವುದಾಗಿ ಪ್ರಕಟಿಸಿತು. ನ್ಯಾಯವಾಗಿ ಹೇಳಬೇಕಾದರೆ, ಅದು ಮುಂಚಿತವಾಗಿ ತಿಳಿಸಿತು. ಬೇಡವೆನ್ನುವವರಿಗೆ ಹೊರಗುಳಿಯುವ ಅವಕಾಶವನ್ನೂ ಕೊಟ್ಟಿತು. ಕದ್ದು ಒಯ್ಯುವುದಕ್ಕಿಂತ ಹೇಳಿ ಒಯ್ಯುವುದು ಮೇಲು, ಒಪ್ಪೋಣ. ಆದರೆ ಹೇಳಿದ ಮಾತ್ರಕ್ಕೆ ಪಾಲು ಕೊಟ್ಟಂತಾಯಿತೆ? ಧಣಿಯು ಗೇಣಿಯನ್ನು ಏರಿಸುವಾಗಲೂ ಡಂಗುರ ಹೊಡೆಸುತ್ತಿದ್ದ. ಅದೇ ತಾಣ ೨೦೨೪ರಲ್ಲಿ, ಜನರು ವರ್ಷಗಟ್ಟಲೆ ಪುಕ್ಕಟೆಯಾಗಿ ಬರೆದುದನ್ನು ಯಂತ್ರಬುದ್ಧಿಯ ತರಬೇತಿಗೆಂದು ಗೂಗಲ್ ಕಂಪೆನಿಗೆ ಒದಗಿಸುವ ಒಪ್ಪಂದ ಮಾಡಿಕೊಂಡಿತು; ಅದರ ಬೆಲೆ ವರ್ಷಕ್ಕೆ ಸುಮಾರು ೬ ಕೋಟಿ ಡಾಲರೆಂದು ಪತ್ರಿಕೆಗಳು ವರದಿ ಮಾಡಿದವು. ಮೊದಲು ಲಿಂಕಿನ ಬಾಲ, ಆಮೇಲೆ ಇಡೀ ಬರಹ. ರುಚಿ ಕಂಡ ಬೆಕ್ಕು ಹಾಲಿನ ಗಡಿಗೆಯನ್ನು ಅರ್ಧಕ್ಕೆ ಬಿಡುವುದಿಲ್ಲ.

ನಮ್ಮ ರಾಜ್ಯದಲ್ಲಿಯೇ ನಡೆದ ಸಂಗತಿ

ಅಮೆರಿಕದ ಮಾತು ದೂರದ್ದೆನ್ನುವವರಿಗೆ ಬೆಂಗಳೂರಿನ ಮಾತನ್ನು ಹೇಳುತ್ತೇವೆ. ೨೦೧೫ರಲ್ಲಿ ಅಲ್ಲಿ ಮೀಶೋ ಎಂಬ ಕಂಪೆನಿ ಹುಟ್ಟಿತು. ಸೀರೆ, ಕುರ್ತಾ, ಪಾತ್ರೆಪಗಡೆಗಳ ಚಿತ್ರಗಳನ್ನೂ ಲಿಂಕುಗಳನ್ನೂ ಮನೆಯಲ್ಲಿರುವ ಮಹಿಳೆಯರು ವಾಟ್ಸಾಪಿನಲ್ಲಿ ತಮ್ಮ ನೆಂಟರಿಷ್ಟರಿಗೆ ಕಳುಹಿಸಬೇಕು. ಬೆಲೆಯ ಮೇಲೆ ತಮ್ಮ ಲಾಭವನ್ನಿಟ್ಟು ಮಾರಬೇಕು. ಹೀಗೆ ಅದರ ವ್ಯಾಪಾರ ಬೆಳೆಯಿತು. ಊರೂರಿನ ಸಾವಿರಾರು ಮಹಿಳೆಯರು ಇದರಿಂದ ನಾಲ್ಕು ಕಾಸು ಕಂಡರೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ೨೦೧೯ರಲ್ಲಿ ಫೇಸ್‌ಬುಕ್ ಕಂಪೆನಿ ಇದರಲ್ಲಿ ಬಂಡವಾಳ ಹೂಡಿತು. ಭಾರತದ ಹೊಸ ಕಂಪೆನಿಯೊಂದರಲ್ಲಿ ಫೇಸ್‌ಬುಕ್ ಹಣ ಹಾಕಿದ್ದು ಅದೇ ಮೊದಲು. ಯಾಕೆ ಹಾಕಿತು? ನೆರೆಹೊರೆಯ ವಿಶ್ವಾಸವನ್ನು ಮಾರಾಟದ ದಾರಿಯನ್ನಾಗಿ ಮಾಡಬಹುದೆಂಬುದನ್ನು ಆ ಮಹಿಳೆಯರು ತೋರಿಸಿಕೊಟ್ಟಿದ್ದರು.

ಮುಂದೇನಾಯಿತು? ಫೋನಿನಲ್ಲಿ ಕೊಳ್ಳಲು ಹೆದರುತ್ತಿದ್ದ ಅಕ್ಕತಂಗಿಯರ ಹೆದರಿಕೆಯನ್ನು ಬಿಡಿಸಿದವರು ಈ ಮಹಿಳೆಯರು. ಸಾಮಾನು ಕೆಟ್ಟರೆ ಬೈಗಳನ್ನು ತಿಂದವರು ಇವರು. ಜನಕ್ಕೆ ಅಭ್ಯಾಸವಾದ ಮೇಲೆ ಕಂಪೆನಿ ಗಿರಾಕಿಗಳಿಗೆ ನೇರವಾಗಿ ಮಾರುವ ಕಡೆಗೆ ತಿರುಗಿತು. ನಡುವಿನ ಮಹಿಳೆಯ ಜಾಗ ಸಣ್ಣದಾಯಿತು. ೨೦೨೫ರ ಡಿಸೆಂಬರಿನಲ್ಲಿ ಕಂಪೆನಿ ಷೇರುಪೇಟೆಯನ್ನು ಪ್ರವೇಶಿಸಿತು. ಬಂಡವಾಳ ಹಾಕಿದವರ ಪಾಲಿಗೆ ಬೆಲೆ ಬಂತು. ವಿಶ್ವಾಸವನ್ನು ಬಂಡವಾಳವಾಗಿ ಹಾಕಿದವರ ಪಾಲೆಷ್ಟು ಎಂದು ನಾವು ಕೇಳುತ್ತೇವೆ. ಕಾನೂನಿನ ಕಣ್ಣಿನಲ್ಲಿ ಕಂಪೆನಿ ಮಾಡಿದುದು ತಪ್ಪಲ್ಲದಿರಬಹುದು. ದಾರಿ ಕಡಿದವರಿಗೆ ದಾರಿಯಲ್ಲಿ ಹಕ್ಕಿಲ್ಲವೆನ್ನುವ ಕಾನೂನು ಸಾಲದೆಂಬುದೇ ನಮ್ಮ ವಾದ.

ಅವರು ಹೇಳುವ ನಾಲ್ಕು ಮಾತುಗಳು

ಈ ಕಂಪೆನಿಗಳ ಪರವಾಗಿ ಮಾತನಾಡುವವರು ನಾಲ್ಕು ಸಮಾಧಾನಗಳನ್ನು ಹೇಳುತ್ತಾರೆ. ಒಂದೊಂದಾಗಿ ನೋಡೋಣ.

ಮೊದಲನೆಯದು: ಜಾಲತಾಣ ಪುಕ್ಕಟೆ, ಅದರ ಖರ್ಚಿಗೆ ಹಣ ಬೇಡವೆ? ಬೇಕು. ಆದರೆ ಎಷ್ಟು? ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪುಗಳ ಒಡೆಯನಾದ ಮೆಟಾ ಕಂಪೆನಿಯ ೨೦೨೪ರ ಆದಾಯ ೧೬,೪೦೦ ಕೋಟಿ ಡಾಲರಿಗೂ ಮಿಕ್ಕಿದ್ದು. ಎಲ್ಲ ಖರ್ಚು ಕಳೆದು ಉಳಿದ ಲಾಭವೇ ೬,೨೦೦ ಕೋಟಿ ಡಾಲರಿಗೂ ಹೆಚ್ಚು. ಈ ಆದಾಯದ ಬಹುತೇಕ ಭಾಗ ಜಾಹೀರಾತಿನಿಂದ ಬಂದುದು. ಜಾಹೀರಾತನ್ನು ನೋಡಲು ಜನ ಬರುವುದು ಜನರೇ ಹಾಕಿದ ಮಾತು, ಚಿತ್ರ, ಲಿಂಕುಗಳಿಗಾಗಿ. ಇದು ಖರ್ಚಿಗೆ ಪರದಾಡುವವನ ಲೆಕ್ಕವೆ? ಪುಕ್ಕಟೆ ಊಟವೆಂದು ಕರೆದು, ಅಡಿಗೆಯನ್ನೂ ನಮ್ಮಿಂದಲೇ ಮಾಡಿಸಿ, ಬಡಿಸಿದ ಹೆಸರನ್ನು ತಾವು ಇಟ್ಟುಕೊಳ್ಳುವ ಲೆಕ್ಕ ಇದು.

ಎರಡನೆಯದು: ಕೊಳ್ಳುವವನಿಗೆ ಒಂದು ಪೈಸೆಯೂ ಹೆಚ್ಚು ಬೀಳುವುದಿಲ್ಲವಂತೆ. ಹಾಗಾದರೆ ಆ ೧೨೦ ರೂಪಾಯಿ ಆಕಾಶದಿಂದ ಬಿತ್ತೆ? ಅಂಗಡಿಯವನು ಕೊಟ್ಟ. ಅಂಗಡಿಯವನು ಅದನ್ನು ಎಲ್ಲಿಂದ ತಂದ? ಬೆಲೆಯಲ್ಲಿ ಸೇರಿಸಿದ, ಇಲ್ಲವೆ ಸಾಮಾನು ಒದಗಿಸುವ ಸಣ್ಣ ಮಾರಾಟಗಾರನ ಕೈಯಿಂದ ಕಿತ್ತ. ಒಬ್ಬ ಗಿರಾಕಿಯ ಬಿಲ್ಲಿನಲ್ಲಿ ಅದು ಕಾಣದಿರಬಹುದು, ಯಾಕೆಂದರೆ ಎಲ್ಲರ ಬಿಲ್ಲಿನಲ್ಲಿಯೂ ಅದು ಅಡಗಿ ಕುಳಿತಿರುತ್ತದೆ. ಹಂಪನಕಟ್ಟೆಯ ವ್ಯಾಪಾರಿಗಳೇ, ನಿಮಗೆ ಇದು ಬೇಗ ಅರ್ಥವಾಗಬೇಕು. ನಿಮ್ಮ ಅಂಗಡಿಯ ಹೆಸರನ್ನು ಗಿರಾಕಿಯೊಬ್ಬ ಇನ್ನೊಬ್ಬನಿಗೆ ಹೇಳಿದರೆ ನೀವು ಯಾರಿಗೂ ಕಮಿಶನ್ ಕೊಡಬೇಕಾಗಿರಲಿಲ್ಲ. ಬಾಯಿಂದ ಬಾಯಿಗೆ ಹೋಗುವ ಒಳ್ಳೆಯ ಹೆಸರೇ ಬಡ ವ್ಯಾಪಾರಿಯ ಬಂಡವಾಳವಾಗಿತ್ತು. ಆ ಬಾಯಿಗೂ ಕಿವಿಗೂ ನಡುವೆ ಈಗ ಸುಂಕದ ಕಟ್ಟೆ ಎದ್ದಿದೆ. ಇಷ್ಟೇ ಅಲ್ಲ. ಕಮಿಶನ್ ಕೊಡುವ ದೊಡ್ಡ ಅಂಗಡಿಯ ಲಿಂಕನ್ನು ಹೆಚ್ಚು ಜನಕ್ಕೆ ತೋರಿಸಿದರೆ ಕಂಪೆನಿಗೆ ಲಾಭ. ಏನನ್ನೂ ಕೊಡಲಾರದ ಕಾರ್‌ಸ್ಟ್ರೀಟಿನ ಅಂಗಡಿಯ ಮಾತನ್ನು ತೋರಿಸಿದರೆ ಏನೂ ಇಲ್ಲ. ತಕ್ಕಡಿಯನ್ನು ಹಿಡಿದವನೇ ಒಂದು ತಟ್ಟೆಯ ಪಾಲುದಾರನಾದರೆ ತೂಕವನ್ನು ನಂಬುವುದು ಹೇಗೆ?

ಮೂರನೆಯದು: ಯಾರೂ ಬಲವಂತ ಮಾಡಲಿಲ್ಲ, ಷರತ್ತುಗಳನ್ನು ಓದಿ ಒಪ್ಪಿದ್ದೀರಿ. ಪುಟಗಟ್ಟಲೆ ಇಂಗ್ಲಿಷಿನಲ್ಲಿ ಬರೆದ ಷರತ್ತನ್ನು ಓದಿ ಒಪ್ಪಿದವರು ನಮ್ಮಲ್ಲಿ ಯಾರಿದ್ದಾರೆ? ಒಪ್ಪದಿದ್ದರೆ ಮನೆಯವರ ಸುದ್ದಿ ತಪ್ಪುತ್ತದೆ, ಕೆಲಸದ ಪಾಳಿಯ ಸೂಚನೆ ತಪ್ಪುತ್ತದೆ, ಗಿರಾಕಿಯ ಆರ್ಡರು ತಪ್ಪುತ್ತದೆ. ೨೦೨೧ರಲ್ಲಿ ವಾಟ್ಸಾಪ್ ತನ್ನ ಹೊಸ ನಿಯಮವನ್ನು ಒಪ್ಪಲೇಬೇಕೆಂದು ಜನರ ಮುಂದಿಟ್ಟಿತು. ೨೦೨೪ರ ನವೆಂಬರಿನಲ್ಲಿ ಭಾರತದ ಸ್ಪರ್ಧಾ ಆಯೋಗ ಇದನ್ನು ಬಲಾಢ್ಯತೆಯ ದುರುಪಯೋಗವೆಂದು ಎತ್ತಿಹಿಡಿದು ಮೆಟಾ ಕಂಪೆನಿಗೆ ೨೧೩ ಕೋಟಿ ರೂಪಾಯಿಗೂ ಮಿಕ್ಕ ದಂಡ ವಿಧಿಸಿತು. ಕಂಪೆನಿ ಮೇಲ್ಮನವಿಗೆ ಹೋಯಿತು. ಸರ್ಕಾರದ ಆಯೋಗವೇ ಇದನ್ನು ನಿಜವಾದ ಒಪ್ಪಿಗೆಯೆನ್ನಲಾರದಾದಾಗ ನಮ್ಮನ್ನು ಯಾಕೆ ಹೀಗಳೆಯಬೇಕು?

ನಾಲ್ಕನೆಯದು: ಒಬ್ಬೊಬ್ಬರ ಪಾಲಿಗೆ ಬರುವುದು ಎಷ್ಟು ಕಾಸು? ಇದಕ್ಕಾಗಿ ಇಷ್ಟು ಗದ್ದಲವೆ? ಈ ಮಾತಿಗೆ ನಮ್ಮ ಜಿಲ್ಲೆಯೇ ಉತ್ತರ. ಉಡುಪಿಯಲ್ಲಿ ೧೯೨೫ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆ ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆ. ಏಜೆಂಟನು ಮನೆಬಾಗಿಲಿಗೆ ಬಂದು ವಸೂಲು ಮಾಡುತ್ತಿದ್ದ. ಎರಡಾಣೆಗೆ ಏನು ಬೆಲೆಯೆಂದು ಆಗ ಬ್ಯಾಂಕಿನವರು ಕೇಳಲಿಲ್ಲ. ಎರಡೆರಡಾಣೆಯಿಂದಲೇ ದೊಡ್ಡ ಬ್ಯಾಂಕು ಬೆಳೆಯಿತು. ಆದರೆ ಅಲ್ಲಿ ಒಂದು ಮರ್ಯಾದೆಯಿತ್ತು. ಕೊಟ್ಟ ಎರಡಾಣೆ ಪುಸ್ತಕದಲ್ಲಿ ಬರೆಯಲ್ಪಡುತ್ತಿತ್ತು. ಹಣ ಕೊಟ್ಟವನದಾಗಿಯೇ ಉಳಿಯುತ್ತಿತ್ತು. ವಸೂಲು ಮಾಡಿದ ಏಜೆಂಟನಿಗೂ ಅವನ ಕಮಿಶನ್ ಸಿಗುತ್ತಿತ್ತು. ಇಂದಿನ ಜಾಲತಾಣದಲ್ಲಿ ವಸೂಲು ಮಾಡುವ ಏಜೆಂಟರು ನಾವು, ಕೊಡುವವರೂ ನಾವು. ಪಾಸ್ ಪುಸ್ತಕವೇ ಇಲ್ಲ.

ಬೀಡಿ ಕಟ್ಟಿದವರು ಕಲಿಸಿದ ಪಾಠ

ಲಿಂಕು ಹಾಕುವುದು ಕೆಲಸವೇ ಅಲ್ಲ, ಬಿಡುವಿನ ಹೊತ್ತಿನ ಹವ್ಯಾಸವೆಂದು ಹೇಳುವವರಿದ್ದಾರೆ. ಈ ವಾದ ಮಂಗಳೂರಿಗೆ ಹಳೆಯದು. ದಕ್ಷಿಣ ಕನ್ನಡದ ಮನೆಮನೆಗಳಲ್ಲಿ ಮಹಿಳೆಯರು ಮಡಿಲಲ್ಲಿ ಮೊರವನ್ನಿಟ್ಟು ಬೀಡಿ ಕಟ್ಟಿದರು. ಎಲೆ, ಹೊಗೆಸೊಪ್ಪು ಕೊಟ್ಟು ಬೀಡಿಯನ್ನು ಒಯ್ದವನು ಕಂತ್ರಾಟುದಾರ. ಲಾಭ ಸೇರಿದ್ದು ಮಾಲಿಕನಿಗೆ. ಅವರು ನಮ್ಮ ಕಾರ್ಮಿಕರಲ್ಲ, ಮನೆಯಲ್ಲಿ ಬಿಡುವಿನಲ್ಲಿ ಕಟ್ಟುತ್ತಾರೆ ಎಂದೇ ಆಗಲೂ ಹೇಳುತ್ತಿದ್ದರು. ೧೯೬೬ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಬಂತು. ಮನೆಯಲ್ಲಿ ಕುಳಿತು ಕಟ್ಟುವವಳೂ ಕಾರ್ಮಿಕಳೇ ಎಂದು ಅದು ಸಾರಿತು. ಮಾಲಿಕರು ಆ ಕಾಯಿದೆಯನ್ನು ಪ್ರಶ್ನಿಸಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ೧೯೭೪ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ಆ ತೀರ್ಪಿನ ಶಿರೋನಾಮೆಯಲ್ಲಿಯೇ ಮಂಗಳೂರಿನ ಹೆಸರಿದೆ: ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಮತ್ತು ಭಾರತ ಸರ್ಕಾರ. ಆ ಕಾಯಿದೆ ೨೦೨೫ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಹೋಗಿದೆ. ಆದರೆ ಅದು ಸ್ಥಾಪಿಸಿದ ತತ್ವ ಹಳತಾಗಿಲ್ಲ: ಕೆಲಸ ಎಲ್ಲಿ ಕುಳಿತು ಮಾಡಿದರೆಂಬುದು ಮುಖ್ಯವಲ್ಲ, ಲಾಭ ಯಾರಿಗೆ ಹೋಯಿತೆಂಬುದು ಮುಖ್ಯ.

ಲಿಂಕು ಹಾಕುವುದು ಬೀಡಿ ಕಟ್ಟಿದಷ್ಟು ಕಷ್ಟದ ಕೆಲಸವೆಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಿದರೆ ಬೆನ್ನು ಬಗ್ಗಿಸಿ ದುಡಿದ ಆ ತಾಯಂದಿರಿಗೆ ಅವಮಾನ. ನಾವು ಹೇಳುವುದು ಇಷ್ಟೆ. ನಮ್ಮ ಮಾತಿನಿಂದ ಮಾರಾಟವಾದರೆ, ಆ ಮಾರಾಟಕ್ಕೆ ಕಮಿಶನೆಂಬ ಬೆಲೆಯನ್ನು ಮಾರುಕಟ್ಟೆಯೇ ಕಟ್ಟಿದರೆ, ಆ ಬೆಲೆಯನ್ನು ಮಾತು ಹೇಳದವನು ಒಯ್ಯುವುದಕ್ಕೆ ಯಾವ ಹಕ್ಕು?

ಸರ್ಕಾರಗಳು ಏನು ಮಾಡುತ್ತಿವೆ?

೨೦೨೩ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ಒಂದು ಸೂಚನೆಯನ್ನು ಹೊರಡಿಸಿತು. ಹಣವನ್ನೋ ಉಡುಗೊರೆಯನ್ನೋ ಪಡೆದು ಸಾಮಾನನ್ನು ಹೊಗಳುವವರು ಅದನ್ನು ಸರಳ ಭಾಷೆಯಲ್ಲಿ ಹೇಳಬೇಕೆಂಬುದು ಅದರ ಸಾರ. ಒಳ್ಳೆಯದೇ. ಕಮಿಶನಿಗಾಗಿ ಹೊಗಳುವ ಹುಡುಗಿ ಅದನ್ನು ಒಪ್ಪಿಕೊಳ್ಳಬೇಕು. ಹಾಗಾದರೆ ಆಸೆಯಿಲ್ಲದೆ ಹೇಳಿದ ಮಾತಿಗೆ ತನ್ನ ಚೀಟಿಯನ್ನು ಅಂಟಿಸುವ ಯಂತ್ರದ ಒಡೆಯನೂ ಪ್ರತಿಯೊಂದು ಲಿಂಕಿನ ಪಕ್ಕದಲ್ಲಿ ಅದನ್ನು ಬರೆಯಬೇಡವೆ?

ನಮ್ಮ ರಾಜ್ಯ ೨೦೨೫ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾಯಿದೆ ಮಾಡಿತು. ಕಂಪೆನಿಗಳಿಂದ ವ್ಯವಹಾರಕ್ಕೆ ನೂರಕ್ಕೆ ಒಂದರಿಂದ ಐದರವರೆಗೆ ಕಲ್ಯಾಣ ಶುಲ್ಕ ವಸೂಲು ಮಾಡುವ ಅವಕಾಶ ಅದರಲ್ಲಿದೆ. ಊಟ ಹೊರುವ ಹುಡುಗರಿಗೂ ಬಾಡಿಗೆ ಕಾರಿನ ಚಾಲಕರಿಗೂ ಇದು ದೊಡ್ಡ ಗೆಲುವು, ನಾವು ಸ್ವಾಗತಿಸುತ್ತೇವೆ. ಆದರೆ ಅದು ನೋಡುವುದು ಕೆಲಸಕ್ಕೆ ಇಂತಿಷ್ಟು ಎಂದು ಹಣ ಪಡೆಯುವವರನ್ನು. ಕೂಲಿ ಸಾಲದೆಂಬವನಿಗೆ ಕಾಯಿದೆಯಲ್ಲಿ ಜಾಗವುಂಟು. ಕೂಲಿಯೇ ಇಲ್ಲದವನಿಗೆ ಇಲ್ಲ.

ಕೇಂದ್ರ ಸರ್ಕಾರದ ಕಥೆ ಇನ್ನೂ ವಿಚಿತ್ರ. ಇಲ್ಲಿ ಕಚೇರಿಯಿಲ್ಲದೆ ಇಲ್ಲಿಂದ ಜಾಹೀರಾತಿನ ಹಣವನ್ನು ಒಯ್ಯುವ ವಿದೇಶಿ ಕಂಪೆನಿಗಳ ಗಳಿಕೆಯ ಮೇಲೆ ೨೦೧೬ರಲ್ಲಿ ನೂರಕ್ಕೆ ಆರರ ಸಮೀಕರಣ ಸುಂಕವನ್ನು ಹಾಕಲಾಗಿತ್ತು. ೨೦೨೫ರ ಎಪ್ರಿಲ್ ೧ರಿಂದ ಅದನ್ನು ತೆಗೆದುಹಾಕಲಾಯಿತು. ಬಿಸ್ಕತ್ತಿನ ಪೊಟ್ಟಣ ಮಾರುವ ಗೂಡಂಗಡಿಯವನ ಲೆಕ್ಕವನ್ನು ಕಾಸು ಕಾಸಾಗಿ ಕೇಳುವ ಸರ್ಕಾರಕ್ಕೆ ಕಡಲಾಚೆಯ ಧಣಿಯ ಮೇಲೆ ಇಷ್ಟು ಕರುಣೆಯೇಕೆ? ಕೆನಡಾ ದೇಶ ೨೦೨೩ರಲ್ಲಿ, ಪತ್ರಿಕೆಗಳ ಸುದ್ದಿಯ ಲಿಂಕುಗಳಿಂದ ಲಾಭ ಪಡೆಯುವ ಕಂಪೆನಿಗಳು ಪತ್ರಿಕೆಗಳಿಗೆ ಹಣ ಕೊಡಬೇಕೆಂದು ಕಾಯಿದೆ ಮಾಡಿತು. ಮೆಟಾ ಕಂಪೆನಿ ಹಠ ಹಿಡಿದು ಅಲ್ಲಿ ಸುದ್ದಿಯ ಲಿಂಕುಗಳನ್ನೇ ತಡೆಹಿಡಿಯಿತು. ಗೂಗಲ್ ಮಾತ್ರ ವರ್ಷಕ್ಕೆ ೧೦ ಕೋಟಿ ಕೆನಡಾ ಡಾಲರು ಕೊಡಲು ಒಪ್ಪಿತು. ಒಬ್ಬನು ಬಾಗಿಲು ಮುಚ್ಚಿದ, ಇನ್ನೊಬ್ಬನು ಗಲ್ಲಾಪೆಟ್ಟಿಗೆ ತೆರೆದ. ಕೇಳುವ ಸರ್ಕಾರವಿದ್ದರೆ ಕೊಡುವವರೂ ಇರುತ್ತಾರೆಂಬುದಕ್ಕೆ ಇದು ಸಾಕ್ಷಿ. ಕೇಳಿದರೆ ಬಾಗಿಲು ಮುಚ್ಚುವವರೂ ಇರುತ್ತಾರೆ. ಆದುದರಿಂದ ನಮ್ಮದೇ ಬಾಗಿಲೊಂದು ಇರಬೇಕು.

ನಮ್ಮ ಬೇಡಿಕೆಗಳು

ಒಂದು: ಯಾವ ಲಿಂಕಿಗೆ ಕಂಪೆನಿಯ ಕಮಿಶನ್ ಚೀಟಿ ಅಂಟಿದೆಯೋ ಅದರ ಪಕ್ಕದಲ್ಲಿ ಓದುವವನ ಭಾಷೆಯಲ್ಲಿ, ಇಲ್ಲಿ ಕನ್ನಡದಲ್ಲಿ, ಅದನ್ನು ಬರೆದಿರಬೇಕು.

ಎರಡು: ಹಾಕಿದವನನ್ನು ಕೇಳದೆ ಚೀಟಿ ಅಂಟಿಸಕೂಡದು. ಬೇಡವೆಂದವನಿಗೆ ಬೇರಾವ ಸೌಕರ್ಯವನ್ನೂ ತಪ್ಪಿಸಕೂಡದು.

ಮೂರು: ಒಪ್ಪಿದವನಿಗೆ ಪಾಲು ಸಲ್ಲಬೇಕು, ಆ ಪಾಲಿಗೆ ಪಿಗ್ಮಿ ಪುಸ್ತಕದಂತೆ ಲೆಕ್ಕವಿರಬೇಕು. ಒಬ್ಬೊಬ್ಬನ ಪಾಲು ಕಾಸಿನಷ್ಟಾದರೆ ಅದನ್ನು ಒಟ್ಟುಗೂಡಿಸಿ ರಾಜ್ಯದ ಕಾರ್ಮಿಕ ಕಲ್ಯಾಣ ನಿಧಿಗೆ ಸಲ್ಲಿಸಬೇಕು.

ನಾಲ್ಕು: ತಾನು ತಾರದ ಗಿರಾಕಿಯ ಹೆಸರಿನಲ್ಲಿ ಕಂಪೆನಿ ಸಣ್ಣ ಮಾರಾಟಗಾರನಿಂದ ಕಮಿಶನ್ ಪಡೆಯಕೂಡದು.

ಐದು: ವಿದೇಶಿ ಕಂಪೆನಿಗಳ ಗಳಿಕೆಯ ಮೇಲಿನ ಸುಂಕವನ್ನು ಮತ್ತೆ ಹಾಕಬೇಕು.

ಇವೆಲ್ಲ ನಾಳೆಯೇ ಈಡೇರುತ್ತವೆಂಬ ಭ್ರಮೆ ನಮಗಿಲ್ಲ. ಸರ್ಕಾರದ ಮುಖ ನೋಡುತ್ತ ಕುಳಿತಿರಬೇಕೆಂದೂ ನಾವು ಹೇಳುವುದಿಲ್ಲ. ಎಪ್ಪತ್ತರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆ ಕುಸಿದಾಗ ಬೆಳೆಗಾರರು ಮಧ್ಯವರ್ತಿಗಳನ್ನು ಬೈಯುತ್ತ ಕೂರಲಿಲ್ಲ. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ೧೯೭೩ರಲ್ಲಿ ಇದೇ ಮಂಗಳೂರಿನಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆಯನ್ನು ಕಟ್ಟಿದರು. ಕರ್ನಾಟಕ, ಕೇರಳಗಳ ಬೆಳೆಗಾರರು ತಮ್ಮ ಅಡಿಕೆಯನ್ನು ತಮ್ಮದೇ ತಕ್ಕಡಿಯಲ್ಲಿ ತೂಗಿದರು. ಅಡಿಕೆಗೆ ಸಾಧ್ಯವಾದುದು ಅಂಗಡಿಗಳ ಪಟ್ಟಿಗೆ ಅಸಾಧ್ಯವೆ? ಸೆಂಟ್ರಲ್ ಮಾರ್ಕೆಟಿನ, ಕಂಕನಾಡಿಯ, ಸುರತ್ಕಲ್ಲಿನ ಸಣ್ಣ ವ್ಯಾಪಾರಿಗಳು ಸೇರಿ ತಮ್ಮದೇ ಸಹಕಾರಿ ಪಟ್ಟಿಯೊಂದನ್ನು ಫೋನಿಗೆ ತರಲಿ. ಅದರ ಮೂಲಕ ಗಿರಾಕಿಯನ್ನು ತಂದ ಕಾರ್ಮಿಕನಿಗೆ ಪಾಲು ಸಲ್ಲಲಿ. ಲೆಕ್ಕವನ್ನು ಪ್ರತಿ ತಿಂಗಳು ಗೋಡೆಯ ಮೇಲೆ ಅಂಟಿಸಲಿ.

ಅಲ್ಲಿಯವರೆಗೆ ಒಂದು ಸಣ್ಣ ಕೆಲಸವನ್ನು ಇಂದೇ ಮಾಡಬಹುದು. ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ತಮ್ಮ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಎತ್ತಲಿ. ಪ್ರತಿಯೊಬ್ಬ ಸದಸ್ಯನೂ ಒಂದು ತಿಂಗಳು ನೋಟ್ ಪುಸ್ತಕವನ್ನಿಡಲಿ: ಯಾವ ಸಾಮಾನಿನ ಲಿಂಕನ್ನು ಹಾಕಿದೆ, ನನ್ನ ಮಾತಿನಿಂದ ಯಾರು ಕೊಂಡರು, ಎಷ್ಟು ಬೆಲೆಗೆ. ತಿಂಗಳ ಕೊನೆಗೆ ಎಲ್ಲರ ಪುಸ್ತಕಗಳನ್ನೂ ಒಟ್ಟಿಗಿಟ್ಟು ಕೂಡಿಸಿ ನೋಡಿ. ತನ್ನ ದುಡಿಮೆಯ ಲೆಕ್ಕವನ್ನು ತಾನೇ ಇಟ್ಟುಕೊಂಡ ದಿನದಿಂದ ಕಾರ್ಮಿಕನ ಹಕ್ಕು ಆರಂಭವಾಯಿತು. ಲೆಕ್ಕ ಕೇಳುವವನಿಗೆ ಧಣಿ ಹೆದರುತ್ತಾನೆ, ಕಡಲಾಚೆಯ ಧಣಿಯೂ ಸಹ.